ಒಂದೇ ಕೈ ದಪ್ಪವಾದ ಸಂಗತಿ

ನಮ್ಮ ಕಡೆ ಕಾಯಿಲೆಯಿಂದ ಎದ್ದವರನ್ನು ನೋಡಲು ಬಂದವರು ರಿಪೋರ್ಟು, ಸ್ಕ್ಯಾನು ಅಂತೆಲ್ಲ ಕೇಳುವುದಿಲ್ಲ, ಸೀದಾ ತೋಳು ಹಿಡಿದು ನೋಡುತ್ತಾರೆ. ಕೈಗೆ ಮಾಂಸ ಸಿಕ್ಕರೆ ರೋಗ ಹೋಯಿತೆಂದೇ ಲೆಕ್ಕ. ಎದೆಯ ಕ್ಯಾನ್ಸರಿಗೆ ಆಪರೇಷನ್ನು, ನಮ್ಮ ಕಡೆ ಕರೆಂಟು ಎನ್ನುವ ರೇಡಿಯೇಷನ್ನು ಎಲ್ಲ ಮುಗಿಸಿಕೊಂಡು ನಾನು ಬಾಣಾವರದ ಮನೆಗೆ ಬಂದು ಕೆಲವು ತಿಂಗಳಾಗಿತ್ತು. ಮಾದಿಹಳ್ಳಿಯಿಂದ ಬಂದ ದೊಡ್ಡಮ್ಮ ನನ್ನ ಎಡತೋಳು ಹಿಚುಕಿ, "ಪರವಾಗಿಲ್ಲ ಕಣೇ, ಮೈಕೈ ತುಂಬ್ಕಂಡಿದ್ದೀಯ. ತುಪ್ಪ ಮಾತ್ರ ಬಿಡ್‌ಬ್ಯಾಡ" ಎಂದರು. ನಾನು ಹಿಗ್ಗಿಹೋದೆ.

ತುಪ್ಪ ಬಿಡಲಿಲ್ಲ. ಆದರೆ ತಿಂದದ್ದೆಲ್ಲ ಎಡಗೈಗೇ ಹೋಗುತ್ತಿತ್ತು. ಬಲಗೈ ಹಾಗೇ ಬಡಕಲು. ಎಡಗೈ ಉಂಗುರ ಸೋಪು ಹಚ್ಚಿದರೂ ಕದಲಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನಾನು ದೊಡ್ಡಮ್ಮನ ವಿಜ್ಞಾನವನ್ನೇ ನಂಬಿಕೊಂಡು ಟೈಲರ್ ಹತ್ತಿರ ಹೋಗಿ ರವಿಕೆಯ ಎಡತೋಳು ಸಡಿಲ ಮಾಡಲು ಹೇಳಿದೆ. "ಒಂದೇ ಕಡೆ ಬಿಚ್ಲಾ ಮೇಡಂ?" ಎಂದ. "ಹೇಳಿದಷ್ಟು ಮಾಡಪ್ಪ" ಎಂದು ರೇಗಿದೆ.

ರೇಗಿದ್ದು ಭಯಕ್ಕೆ. ಆ ಕಾಯಿಲೆಯೇ ತಿರುಗಿ ಬಂತೇನೋ ಎಂಬ ಅನುಮಾನ ಒಳಗೊಳಗೇ ಇತ್ತು. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಒಲೆಯ ಮೇಲೆ ಹಾಲಿಟ್ಟು, ಕೋಣೆಗೆ ಹೋಗಿ ಎರಡೂ ತೋಳನ್ನು ಟೇಪಿನಲ್ಲಿ ಅಳೆಯುವುದು. ಹಾಲು ಉಕ್ಕಿದರೆ ಒರೆಸಿ ಬಂದು ಮತ್ತೆ ಅಳೆಯುವುದು. ಕಡೆಗೆ ನಮ್ಮ ಯಜಮಾನರು, "ಅಳತೆ ಸಾಕು, ಡಾಕ್ಟ್ರಿಗೆ ತೋರ್ಸೋಣ ನಡಿ" ಎಂದು ಹಾಸನಕ್ಕೆ ಹೊರಡಿಸಿದರು. ಬಸ್ಸು ಅರಸೀಕೆರೆ ದಾಟುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಅವರಿಗೆ ಎರಡನೇ ಮದುವೆ ಮಾಡಿಸಿ, ಬಂದವಳು ನನ್ನ ಪಾತ್ರೆಗಳನ್ನು ಸರಿಯಾಗಿ ಬೆಳಗುವುದಿಲ್ಲವೆಂದು ಸಿಟ್ಟೂ ಮಾಡಿಕೊಂಡಿದ್ದೆ. ಪಕ್ಕದಲ್ಲಿ ಅವರು ಪಾಪ, ಕಡಲೆಕಾಯಿ ಸುಲಿದು ನನಗೇ ಕೊಡುತ್ತಿದ್ದರು.

ಡಾಕ್ಟರಮ್ಮ ಕೈಯನ್ನು ಒತ್ತಿ, ತಿರುಗಿಸಿ, ಬೇಕಾದ ಪರೀಕ್ಷೆಗಳನ್ನೆಲ್ಲ ಮಾಡಿಸಿ ನೋಡಿದರು. "ಕಾಯಿಲೆ ವಾಪಸ್ ಬಂದಿಲ್ಲಮ್ಮ. ಆಪರೇಷನ್ನಲ್ಲಿ ಎಡಗಡೆ ಕಂಕುಳಿನ ಗ್ರಂಥಿಗಳನ್ನ ತೆಗೆದಿದ್ದಾರಲ್ಲ, ಕೈಯಲ್ಲಿರೋ ನೀರು ಹರಿದು ಹೋಗೋಕೆ ದಾರಿ ಕಮ್ಮಿಯಾಗಿದೆ. ಇದು ಬಾವು" ಎಂದರು. ನನಗೆ ಅಲ್ಲೇ ಅಳು ಬಂತು. ಅವರು ಮಾತ್ರ ಹೇಳುತ್ತಲೇ ಹೋದರು: ಅಳತೆಗೆ ಸರಿಯಾದ ಬಿಗಿ ತೋಳುಚೀಲ ಹಾಕಬೇಕು, ಕಲಿಸಿಕೊಟ್ಟ ಹಾಗೆ ಮೆಲ್ಲಗೆ ನೀವಬೇಕು, ವ್ಯಾಯಾಮ ಬಿಡಬಾರದು, ಕೈಗೆ ಗಾಯವಾಗದಂತೆ, ಸುಡದಂತೆ ನೋಡಿಕೊಳ್ಳಬೇಕು, ಕೆಂಪಾಗಿ ಜ್ವರ ಬಂದರೆ ತಕ್ಷಣ ಬರಬೇಕು. "ಪೂರ್ತಿ ಹೋಗದೆ ಇರಬಹುದು, ಹತೋಟೀಲಿ ಇಟ್ಕೋಬಹುದು. ಆದ್ರೆ ಜೀವನಪೂರ್ತಿ ನೋಡ್ಕೋಬೇಕು."

ಆ ಕೋಣೆಯೊಳಗೆ ಕಾಲಿಡುವಾಗ ಮುಂದಿನ ಗೌರಿಹಬ್ಬ ನೋಡುತ್ತೇನೆಂಬ ಭರವಸೆಯೂ ನನಗಿರಲಿಲ್ಲ. ಈಗ ಕಣ್ಣೊರೆಸಿಕೊಂಡು, ಮುಖ ಗಂಟುಹಾಕಿಕೊಂಡು, "ಜೀವನಪೂರ್ತಿಯಾ? ಅಷ್ಟೊಂದು ವರ್ಷ ಆ ಚೀಲ ಯಾರು ಹಾಕ್ಕೊಂಡಿರ್ತಾರೆ ಡಾಕ್ಟ್ರೇ, ಸ್ವಲ್ಪ ಕಮ್ಮಿ ಮಾಡೋಕಾಗಲ್ವಾ?" ಎಂದು ಚೌಕಾಸಿಗೆ ಇಳಿದಿದ್ದೆ.