ಕುಕ್ಕರಲ್ಲಿ ನಾರಿದೆ

ನನ್ನ ಕುಕ್ಕರಿಗೂ ನನ್ನ ಗಂಡನ ಲ್ಯಾಬಿಗೂ ಏನು ಸಂಬಂಧ, ನೀವೇ ಹೇಳಿ. ಹಣ್ಣಿನ ಸಿಪ್ಪೆಯಿಂದ ಪ್ಲಾಸ್ಟಿಕ್ಕಿನಂಥ ಹಾಳೆ ಮಾಡಿ ಲೋಕೋದ್ಧಾರ ಮಾಡುವುದು ಇವರ ಉದ್ಯೋಗ. ಲ್ಯಾಬಿನಲ್ಲಿ ಅದು ಗಟ್ಟಿಯಾಗಲಿಲ್ಲವೆಂದು ಕಿತ್ತಳೆ ಸಿಪ್ಪೆಯ ಮೂಟೆಯನ್ನೂ ಶುದ್ಧ ನೀರಿನ ಕ್ಯಾನುಗಳನ್ನೂ (ನಮ್ಮ ನಲ್ಲಿ ನೀರು ಅದಕ್ಕೆ ಆಗಿಬರುವುದಿಲ್ಲವಂತೆ) ಮನೆಗೇ ಸಾಗಿಸಿದರು. ಅಂದಿನಿಂದ ಒಲೆ ಅವರದು, ಕುಕ್ಕರ್ ಅವರದು, ತಿಕ್ಕುವ ಸೌಭಾಗ್ಯ ಮಾತ್ರ ನನ್ನದು. ಮೈಯೆಲ್ಲ ಉರಿಯುತ್ತಿತ್ತು.

"ಕಸ ಅಲ್ಲ ಕಣೆ, ಇದು ಸಸ್ಯಕೋಶಭಿತ್ತಿ."

"ಭಿತ್ತಿನೋ ಬತ್ತಿನೋ, ನನ್ನ ಅಡುಗೆಮನೆಯಿಂದ ಆಚೆ ಹೋಗ್ಲಿ."

"ಸಂಜೆ ನಮ್ಮ ಲ್ಯಾಬಿನ ಮೇಡಂ ನೋಡೋಕೆ ಬರ್ತಾರೆ. ಅವರು ಬೇಡ ಅಂದ್ರೆ ಇವತ್ತೇ ಎಲ್ಲಾ ಎತ್ತಿಬಿಡ್ತೀನಿ, ಆಣೆ."

ಮಧ್ಯಾಹ್ನ ಲ್ಯಾಬಿನಿಂದ ಫೋನು ಬಂತು. "ಕುಕ್ಕರಲ್ಲಿ ನಾರಿದೆ, ತೆಗೆದುಬಿಡು."

ನಾರಿದೆಯಂತೆ. ನಾರುತ್ತದೆ ಎಂದು ನಾನು ಎದುರಿಗೆ ನಿಂತು ಬಾಯಿ ಬಡಿದುಕೊಂಡರೂ ತಿಳಿಯದ ಮೂಗಿಗೆ, ಅಲ್ಲಿ ಕೂತು ವಾಸನೆ ಬಡಿದಿತ್ತು. ಕುಕ್ಕರನ್ನು ಪೂರಾ ಸಿಂಕಿಗೆ ಬಗ್ಗಿಸಿ, ನಲ್ಲಿ ಬಿಟ್ಟು, ಕೈ ತೊಳೆದುಕೊಂಡೆ. ಹೊಟ್ಟೆ ತಣ್ಣಗಾಯಿತು.

ಸಂಜೆ ಮೇಡಂ ಜೊತೆ ಬಂದ ಇವರು ಕುಕ್ಕರಿನ ಮುಚ್ಚಳ ತೆಗೆದು ಕಂಗಾಲಾದರು.

"ಎಲ್ಲೇ ಅದು?"

"ಚೆಲ್ಲಿದೆ. ನಾರಿದೆ, ತೆಗೆದುಬಿಡು ಅಂದಿದ್ದು ನೀವೇ ಅಲ್ವಾ?"

"ನಾರು ಇದೆ, ಸೋಸಿ ನಾರು ತೆಗಿ ಅಂದೆ, ಪುಣ್ಯಾತ್ಗಿತ್ತಿ. ಸರಕೆಲ್ಲ ಇದ್ದದ್ದು ಆ ನೀರಲ್ಲೇ."

"ಹಾಗಾದ್ರೆ ಬಿಡಿಸಿ ಹೇಳ್ಬೇಕಿತ್ತು. ಮೂಗು ಮುಚ್ಕೊಂಡು ಬದುಕ್ತಿರೋಳು ಸಂಧಿ ಬಿಡಿಸ್ಕೊಂಡು ಕೂತ್ಕೊಳ್ಲಾ?"

ನಮ್ಮ ಜಗಳ ಮೇಡಂ ಕಿವಿಗೆ ಬೀಳಲೇ ಇಲ್ಲ. ಅವರು ಸಿಂಕಿನೊಳಗೆ ಬಗ್ಗಿದ್ದರು. ಸಿಪ್ಪೆ ಸಿಕ್ಕಿ ಕಟ್ಟಿಕೊಂಡಿದ್ದ ನೀರಿಗೆ ಕೈ ಹಾಕಿ ಎಳೆದರೆ, ದಪ್ಪನೆಯ ತಿಳಿ ಹಾಳೆಯೊಂದು ಹರಿಯದೆ, ಮುರಿಯದೆ ಎದ್ದುಬಂತು.

"ಶುದ್ಧ ನೀರಲ್ಲಿ ಒಂದು ಸಲವೂ ಹೀಗೆ ಗಟ್ಟಿಯಾಗಿರ್ಲಿಲ್ಲ," ಎನ್ನುತ್ತಾ ಅವರು ನಲ್ಲಿಯ ಬಾಯಿಗೆ ಕಟ್ಟಿದ್ದ ಬಿಳಿ ಸುಣ್ಣ ಕೆರೆದು ನೋಡಿದರು. "ನಿಮ್ಮ ಮನೆ ಗಡಸು ನೀರಲ್ಲಿರೋ ಸುಣ್ಣದ ಅಂಶವೇ ಇದನ್ನ ಹಿಡಿದು ಕಟ್ಟಿದೆ. ಇವರಿಗೆ ಹೊಳೀದೇ ಇದ್ದದ್ದು ನಿಮಗೆ ಹೇಗಮ್ಮ ಹೊಳೀತು?"

ಸಿಟ್ಟಿನಿಂದ ಹೊಳೆಯಿತು ಎನ್ನಲಾದೀತೆ? ಹಲ್ಲು ಕಿರಿದೆ. ಇವರಂತೂ ಕುಣಿಯುವುದೊಂದು ಬಾಕಿ.

ಮೇಡಂ ನನ್ನ ಕೈ ಹಿಡಿದುಕೊಂಡರು. "ನಾಳೆಯಿಂದ ನಮ್ಮ ಲ್ಯಾಬಿನವರೆಲ್ಲ ಇಲ್ಲಿಗೇ ಬರ್ತೀವಿ. ಅಡುಗೆ ಮಾಡ್ಕೊಳ್ಳೋಕೆ ನಿಮಗೆ ಬೇರೆ ಜಾಗ ಇದೆ ತಾನೆ?"