ಹುಣಸೆ ತೋಪಿನ ಮೂರನೇ ಚಕ್ರ

ಏನಾಗಿರಬಹುದು, ಊಹಿಸಿ ನೋಡೋಣ! ನಾಲ್ಕು ಜನ ಒಬ್ಬರ ಹಿಂದೊಬ್ಬರು ಸೈಕಲ್ ತುಳಿಯುತ್ತಿದ್ದೇವೆ. ಮುಂದಿದ್ದ ನಾನು ಪಕ್ಕಕ್ಕೆ ಸರಿದೆ. ನನ್ನನ್ನು ದಾಟಿ ಹೋಗಬೇಕಾದವರು ಮೂವರು. ದಾಟಿದವರು ನಾಲ್ವರು!

ಆತುರ ಬೇಡ, ಯೋಚಿಸಿ. ನಿವೃತ್ತನಾದ ಮೇಲೆ ನನಗೂ ಪುರುಸೊತ್ತಿಗೆ ಬರವಿಲ್ಲ. ಬ್ರೇಕಿಲ್ಲದ ಸೈಕಲ್ ಹತ್ತಿದವರಿಗೆ ಇಂಥವು ಆಗುತ್ತಲೇ ಇರುತ್ತವೆ ಅನ್ನೋದಷ್ಟೇ ನನ್ನ ಅನುಭವ.

ನಿಲ್ಲಲಾರದವನ ಆಯ್ಕೆ

ಯಶವಂತಪುರದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಸಾಹೇಬರು ಒಂದು ಸಲ ಟಾಕೀಸಿಗೆ ಹೋದರು. ಸಿನಿಮಾ ಏನು ನೋಡಿದರೋ ದೇವರೇ ಬಲ್ಲ. ಅದಕ್ಕೆ ಮುಂಚೆ ತೋರಿಸಿದ ಒಲಿಂಪಿಕ್ಸ್ ನ್ಯೂಸ್‌ರೀಲ್ ಮಾತ್ರ ಅವರ ತಲೆ ಕೆಡಿಸಿತು. ಇಟಲಿಯ ನಾಲ್ವರು ಒಂದೇ ಸಾಲಿನಲ್ಲಿ ಹೋಗ್ತಾರಂತೆ. ಮುಂದಿನವನು ಗಾಳಿ ಸೀಳ್ತಾನೆ, ಸುಸ್ತಾದರೆ ಪಕ್ಕಕ್ಕೆ ಸರಿದು ಮೂವರನ್ನು ಮುಂದೆ ಬಿಟ್ಟು ಸಾಲಿನ ಬಾಲಕ್ಕೆ ಅಂಟಿಕೊಳ್ತಾನೆ. ನಾಲ್ಕು ಸಾವಿರ ಮೀಟರ್. ನಾಲ್ವರಲ್ಲಿ ಒಬ್ಬ ಬಿದ್ದುಹೋದರೂ ಚಿಂತೆಯಿಲ್ಲ. ಗಡಿಯಾರ ನಿಲ್ಲೋದು ಮೂರನೆಯವನ ಚಕ್ರ ಗೆರೆ ದಾಟಿದಾಗ.

ಸಾಹೇಬರು ತಂಡ ಕಟ್ಟಿಯೇ ಬಿಟ್ಟರು. ಗುಮಾಸ್ತೆ ನಾನು, ಒಬ್ಬ ಕನ್ನಡ ಮೇಷ್ಟ್ರು, ಕಾರ್ಖಾನೆಯ ಲೇತ್ ಆಪರೇಟರ್. ನಮ್ಮ ಸೈಕಲ್ಲುಗಳ ಬ್ರೇಕು, ಫ್ರೀವೀಲು ಎರಡನ್ನೂ ಕಿತ್ತರು. ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತೆ, ಪೆಡಲು ತಿರುಗುವಷ್ಟು ಹೊತ್ತೂ ಕಾಲು! ಶೆಟ್ಟಿಹಳ್ಳಿ ಕಡೆ ಒಂದು ಹುಣಸೆ ತೋಪು. ಅದರ ಸುತ್ತ ಯುದ್ಧದ ಕಾಲದಲ್ಲಿ ಹಾಕಿ ಮರೆತ ಟಾರು ರಸ್ತೆ, ಒಂದು ಸುತ್ತಿಗೆ ಎರಡು ಫರ್ಲಾಂಗು, ಅಂದರೆ ನಾನೂರು ಮೀಟರ್. ಹತ್ತು ಸುತ್ತು ಹೊಡೆದರೆ ಲೆಕ್ಕ ಸರಿ. ತೋಪಿನ ಒಳಗೆ ಹಳೆಯ ಸಮಾಧಿಗಳು.

ನಾಲ್ಕನೆಯವನಾಗಿ ಬಂದವನು ದಪ್ಪ ಪೋಸ್ಟ್‌ಮ್ಯಾನ್. ಮೊದಲ ದಿನ ಹತ್ತು ಸುತ್ತು ಮುಗಿಸಿದವನು ನಿಲ್ಲಲೇ ಇಲ್ಲ. ಹನ್ನೊಂದು, ಹನ್ನೆರಡು, ಹದಿನಾರು...

"ಸಾಹೇಬ್ರೇ, ನಿಲ್ಲಿಸಿ! ಹಿಡ್ಕೊಳ್ರೀ ಯಾರಾದ್ರೂ!"

ಸಾಹೇಬರು ಗಡಿಯಾರ ನೋಡಿ ತಲೆದೂಗಿದರು. "ಎಂಥಾ ದಮ್ಮು ನೋಡ್ರೋ! ಇವನನ್ನ ತಗೊಳ್ಳೋಣ."

ನಮ್ಮ ಪಾಲಿನ ಎಡೆ

ಬೆಳಗಿನ ಜಾವ ಕೆರೆ ಕಡೆಯಿಂದ ಮಂಜು ಏಳುತ್ತಿತ್ತು. ಅದರೊಳಗೆ ಬಿಳಿ ಬನಿಯನ್ನಿನ ನಾಲ್ವರು ಬಗ್ಗಿಕೊಂಡು, ಉಸಿರೆತ್ತದೆ, ಸಮಾಧಿಗಳ ಸುತ್ತ ಸುತ್ತುತ್ತಿದ್ದರೆ ನೋಡಿದವರ ಗತಿ? ಊರಿನಲ್ಲಿ ಸುದ್ದಿಯಾಯಿತು: "ತೋಪಿನಾಗೆ ಒಂದೇ ದೆವ್ವ ಕಣಪ್ಪೋ, ಎಂಟು ಕಾಲು!"

ಅಮಾವಾಸ್ಯೆ ದಿನ ಹುಣಸೆ ಮರದ ಬುಡದಲ್ಲಿ ಬಾಳೆಲೆ ಕಾಣಿಸಿತು. ಚಿತ್ರಾನ್ನ, ಎರಡು ಬೇಯಿಸಿದ ಮೊಟ್ಟೆ. ಮುಂದಿನ ಅಮಾವಾಸ್ಯೆಗೂ ಹಾಗೇ. ಮೇಷ್ಟ್ರು, "ದೆವ್ವಕ್ಕೆ ಇಟ್ಟದ್ದನ್ನು ಮುಟ್ಟಬಾರದು" ಎಂದು ಹಿಂಜರಿದರು.

ಸಾಹೇಬರು ಅಂದರು, "ಮೇಷ್ಟ್ರೇ, ಊರಿನವರ ಪ್ರಕಾರ ಇಲ್ಲಿ ದೆವ್ವ ಯಾರು?"

"ನಾವೇ."

"ಮತ್ತಿನ್ನೇನು? ನಿಮಗೇ ಇಟ್ಟಿದ್ದಾರೆ, ತಿನ್ನಿ!"

ಮೊಟ್ಟೆ ಹೋಳು ಮಾಡುವಾಗ ದೊಡ್ಡ ಹೋಳು ಮೇಷ್ಟ್ರ ಕೈಯಲ್ಲಿತ್ತು.

ಎಣಿಕೆ ತಪ್ಪಿದ್ದು

ಆಮೇಲೆ ಶುರುವಾಯಿತು ನೋಡಿ. ಒಂದು ದಿನ ಮುಂದಿನಿಂದ ಸರಿದು ಎಣಿಸಿದೆ. ಲೇತ್, ಮೇಷ್ಟ್ರು, ಪೋಸ್ಟ್‌ಮ್ಯಾನ್. ಅವನ ಹಿಂದೆ ಇನ್ನೊಂದು ಚಕ್ರ. ಏದುಸಿರಿನ ಸದ್ದಿಲ್ಲ, ಚೈನಿನ ಸದ್ದಿಲ್ಲ. ಹಿಂದೆ ಕ್ಯಾರಿಯರ್ ಕಂಡಿತು. ನಮ್ಮ ಯಾರ ಸೈಕಲ್ಲಿಗೂ ಕ್ಯಾರಿಯರ್ ಇರಲಿಲ್ಲ. ಗಾಳಿಯಲ್ಲಿ ಹಸಿ ಹಾಲಿನ ವಾಸನೆ. ಕಣ್ಣು ಉಜ್ಜಿಕೊಂಡರೆ ಬರೀ ಮಂಜು.

ನಾನು ತುಟಿ ಬಿಚ್ಚಲಿಲ್ಲ. ತಲೆ ಕೆಟ್ಟಿದೆ ಅಂತ ತಂಡದಿಂದ ತೆಗೆದರೆ? ಹದಿನೈದು ದಿನ ಬಿಟ್ಟು ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು.

"ನೀವು ಬಿ.ಎ. ಓದಿದವರು, ಒಂದು ಮಾತು ಕೇಳ್ತೀನಿ. ನಾಲ್ಕರಲ್ಲಿ ಒಂದು ಕಳೆದರೆ ಎಷ್ಟು?"

"ಮೂರು."

"ನನಗೂ ಹಾಗೇ ಜ್ಞಾಪಕ" ಎಂದು ಬೆವರು ಒರೆಸಿಕೊಂಡರು.

ಹೆಸರು ಹೇಳದ ಸವಾರ

ಕೊನೆಗೆ ರಾಜ್ಯದ ತಂಡಕ್ಕೆ ಆರಿಸುವವರೊಬ್ಬರು ಬರುವುದು ಗೊತ್ತಾಯಿತು. ಸಾಹೇಬರು ಸಾಲಾಗಿ ನಿಲ್ಲಿಸಿ ಹೇಳಿದರು: "ಆರು ನಿಮಿಷದೊಳಗೆ ಮೂರನೇ ಚಕ್ರ ಬರಬೇಕು. ಬರಲಿಲ್ವಾ, ತಂಡ ಖತಂ. ನಾಲ್ಕೂ ಸೈಕಲ್‌ಗೆ ಬ್ರೇಕ್ ಹಾಕಿ ಮನೆಗೆ ಕಳಿಸ್ತೀನಿ." ಎರಡು ವರ್ಷದ ಬೆವರು!

ಹೊರಟೆವು. ಐದು ಸುತ್ತು ಬೆಣ್ಣೆಯ ಹಾಗೆ ಹೋಯಿತು. ಆರರಲ್ಲಿ ನಾನು ಸರಿದೆ. ಒಂದು, ಎರಡು, ಮೂರು. ಬಾಲಕ್ಕೆ ಸೇರಬೇಕು ಅನ್ನುವಷ್ಟರಲ್ಲಿ ನಾಲ್ಕನೆಯವನು ಅಡ್ಡ! ಮರ್ಯಾದೆಗೆ ಅವನಿಗೆ ದಾರಿ ಬಿಟ್ಟೆ. ಅಷ್ಟರಲ್ಲಿ ಇಪ್ಪತ್ತು ಗಜ ಅಂತರ ಬಿತ್ತು, ನಾನು ಕೆಟ್ಟೆ. ಕಾಲು ಒತ್ತಿ ಒತ್ತಿ ವೇಗ ಇಳಿಸಿ ಹುಣಸೆ ಮರದಡಿ ಹೋಗಿ ಕೂತೆ. ಪರವಾಗಿಲ್ಲ, ಇನ್ನೂ ಮೂವರಿದ್ದಾರಲ್ಲ!

ಎಂಟನೇ ಸುತ್ತಿಗೆ ಮೇಷ್ಟ್ರೂ ಬಂದು ಪಕ್ಕದಲ್ಲಿ ಕುಸಿದರು.

"ನೀವೂ ದಾರಿ ಬಿಟ್ರಾ?"

"ಬಿಟ್ಟೆ."

ಉಳಿದವರು ಇಬ್ಬರು. ಮೂರನೇ ಚಕ್ರವೇ ಇಲ್ಲ. ತಂಡದ ಕತೆ ಮುಗಿಯಿತು.

ಮರದ ಹಿಂದಿನಿಂದ ಒಬ್ಬ ಅಜ್ಜಿ ಬಾಳೆಲೆ ಹಿಡಿದು ಬಂದಳು. ಎಲೆಯ ಮೇಲೆ ಅದೇ ಎರಡು ಮೊಟ್ಟೆ.

"ಪ್ರತಿ ಅಮಾಸೆಗೂ ನಮ್ಮ ಯಜಮಾನ್ರಿಗೆ ಇಕ್ತೀನಿ ಕಣಪ್ಪ. ಸೈಕಲ್‌ನಾಗೆ ಯಶವಂತಪುರಕ್ಕೆ ಹಾಲು ಹಾಕ್ತಿದ್ರು. ಇದೇ ರಸ್ತೇಲಿ ಜೀವ ಬಿಟ್ರು ಪುಣ್ಯಾತ್ಮ. ಈಚೆಗೆ ಎಡೆ ಯಾವ ನಾಯಿ ತಿಂತದೋ, ಇವತ್ತು ನೋಡೇಬಿಡ್ತೀನಿ ಅಂತ ಕಾಯ್ತಾ ಇವ್ನಿ."

ಮೇಷ್ಟ್ರು ಕೈ ಮುಗಿದರು. "ಆ ನಾಯಿಗಳು ನಾವೇ, ತಾಯಿ."

ಅಜ್ಜಿ ನಮ್ಮಿಬ್ಬರನ್ನೂ ನೋಡಿದಳು, ಸುತ್ತುತ್ತಿದ್ದ ಸೈಕಲ್ಲುಗಳನ್ನು ನೋಡಿದಳು, ಗೊಳ್ಳೆಂದು ನಕ್ಕಳು. "ಇನ್ನೇನು ಮತ್ತೆ! ಅವ್ರ ಮೊಟ್ಟೆ ಮುಟ್ಟಿದ್ರೆ ನನ್ನನ್ನೇ ಬಿಡ್ತಿರ್ಲಿಲ್ಲ, ನಿಮ್ಮನ್ನ ಬಿಟ್ಟಾರಾ? ಇಂಗೇ ಅಟ್ಟಿಸ್ಕೊಂಡು ಬರ್ತಾರೆ!"

ಅಷ್ಟರಲ್ಲಿ ಗೆರೆಯ ಹತ್ತಿರ ಸೀಟಿ. ಓಡಿದೆವು. ಆರಿಸುವವರು ಗಡಿಯಾರ ಎತ್ತಿ ಕೂಗುತ್ತಿದ್ದರು: "ಮೂರನೇ ಚಕ್ರ, ಐದು ನಿಮಿಷ ಐವತ್ತೆಂಟು ಸೆಕೆಂಡ್! ಶಭಾಷ್, ಪಾಸು!"

ಲೇತ್ ಆಪರೇಟರ್ ಏದುಸಿರು ಬಿಡುತ್ತಾ ನನ್ನ ಬೆನ್ನು ತಟ್ಟಿದ. "ಕೊನೇ ಸುತ್ತಲ್ಲಿ ಏನ್ ಅಂಟ್ಕೊಂಡಿದ್ದೆ ಗುರು!" ಆಮೇಲೆ ನಾನು ಬಂದ ದಿಕ್ಕು ನೋಡಿ ಅವನ ಕೈ ಗಾಳಿಯಲ್ಲೇ ನಿಂತಿತು.

ಆರಿಸುವವರು ಫಾರಂ ತೆಗೆದರು. "ಮೂರನೆಯವರ ಹೆಸರು?"

ಸಾಹೇಬರ ಮುಖ ಸುಣ್ಣ. ಎಲೆಯನ್ನು ಮರದ ಬುಡದಲ್ಲಿಟ್ಟು ಹಿಂದೆಯೇ ಬಂದ ಅಜ್ಜಿಯ ಕಡೆ ನಾನೂ ಮೇಷ್ಟ್ರೂ ತಿರುಗಿದೆವು. ಹೆಸರು ಗೊತ್ತಿದ್ದವಳು ಅವಳೊಬ್ಬಳೇ.

ಅವಳು ಸೆರಗು ಬಾಯಿಗೆ ಮುಚ್ಚಿ ಹದಿನಾರರ ಹುಡುಗಿಯ ಹಾಗೆ ನಾಚಿದಳು. "ಅಯ್ಯೋ ಹೋಗ್ರಪ್ಪ! ಗಂಡನ ಹೆಸರು ಬಾಯಲ್ಲಿ ಹೇಳ್ತಾರಾ ಯಾರಾದ್ರೂ?"

ಆರಿಸುವವರಿಗೆ ಬಸ್ಸಿನ ಆತುರ. ಹೆಸರಿನ ಜಾಗ ಖಾಲಿ ಬಿಟ್ಟು, "ಆಮೇಲೆ ತುಂಬಿ ಕಳಿಸಿ" ಎಂದು ಸಹಿ ಹಾಕಿದರು. ತಂಡ ಉಳಿಯಿತು. ಆ ಬಾಳೆಲೆಯ ಮೊಟ್ಟೆಯನ್ನು ಅವತ್ತು ಯಾರೂ ಮುಟ್ಟಲಿಲ್ಲ. ತಿರುಗಿ ಬಂದು ನೋಡುವಾಗ ಸಿಪ್ಪೆ ಮಾತ್ರ ಇತ್ತು.

ಸಹಿಯ ಕೆಳಗೆ ದಿನ ಬರೆಯಬೇಕಿತ್ತು. ಅದನ್ನು ಮಾತ್ರ ಅಜ್ಜಿ ಯಾವ ನಾಚಿಕೆಯೂ ಇಲ್ಲದೆ ಹೇಳಿದಳು. ಐವತ್ತೆಂಟನೇ ಇಸವಿ, ಭಾನುವಾರ, ಹಿರಿಯರೆಲ್ಲ ಊಟಕ್ಕೆ ಬರುವ ಮಹಾಲಯ ಅಮಾವಾಸ್ಯೆ.