ಅರ್ಧ ನಿಮಿಷ ಕಾಯದ ಬಾಯಿ

ಅರ್ಧ ನಿಮಿಷದ ಮೇಲೆ ಹಗೆ ಸಾಧಿಸುವವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ, ಏಳು ವರ್ಷ ಅವರ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದೇನೆ! ಆಫೀಸಿನಲ್ಲಿ ಎಲ್ಲರೂ ಅವರನ್ನು ಬಾಯಿ ಎನ್ನುತ್ತಿದ್ದರು. ಮಾತಾಡುವ ಬಾಯಿಯಲ್ಲ, ಕೊಂಕಣಿಯಲ್ಲಿ ಅಕ್ಕ ಎಂಬಂತೆ ಕರೆಯುವ ಬಾಯಿ. ಹಾಗೆಂದು ಮೊದಲನೆಯ ಅರ್ಥವೂ ಅವರಿಗೆ ಒಪ್ಪದೇ ಇರಲಿಲ್ಲ.

ಮಣಿಪಾಲದ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ನಾವಿಬ್ಬರೇ. ದೂರದ ಊರುಗಳಲ್ಲಿರುವ ಸರ್ವರ್‌ಗಳಿಗೆ ಇಲ್ಲಿಂದಲೇ ಲಾಗಿನ್ ಆಗಿ ಅವುಗಳ ಆರೋಗ್ಯ ವಿಚಾರಿಸುವುದು ನಮ್ಮ ಕೆಲಸ. ನಾನು ಸೇರಿದ ದಿನ ಉದ್ದದ ವಿಳಾಸ, ಅದಕ್ಕಿಂತ ಉದ್ದದ ಪಾಸ್‌ವರ್ಡ್ ಟೈಪ್ ಮಾಡಿ, ಸರ್ವರ್ ಯಾವಾಗ ಬಾಗಿಲು ತೆರೆಯುತ್ತದೋ ಎಂದು ಕಾಯುತ್ತ ಕುಳಿತಿದ್ದೆ.

“ಎಂತ ಮಾರಾಯ, ತಪಸ್ಸಾ?” ಎಂದರು ಬಾಯಿ.

ಅಂದೇ ನನ್ನ ಪಾಸ್‌ವರ್ಡ್ ರದ್ದಾಯಿತು. ಅದರ ಬದಲು ಒಂದು ಜೋಡಿ ಡಿಜಿಟಲ್ ಕೀಲಿ: ಒಂದು ನನ್ನ ಕಂಪ್ಯೂಟರಿನಲ್ಲಿ ಗುಟ್ಟಾಗಿ, ಇನ್ನೊಂದು ಸರ್ವರಿನ ಪಟ್ಟಿಯಲ್ಲಿ. ಎರಡೂ ಹೊಂದಿದರೆ ಸಾಕು, ಬಾಗಿಲು ತೆರೆಯುತ್ತದೆ.

ಉದ್ದದ ವಿಳಾಸಗಳಿಗೂ ಬಾಯಿ ಒಂದು ಗತಿ ಕಾಣಿಸಿದರು. ಒಂದು ಫೈಲಿನಲ್ಲಿ ಪ್ರತಿ ಸರ್ವರಿಗೂ ಸುತ್ತಲಿನ ಒಂದೊಂದು ಊರಿನ ಹೆಸರನ್ನೇ ಅಡ್ಡಹೆಸರಾಗಿ ಬರೆದಿಟ್ಟರು: ಮಟ್ಟು, ಉಚ್ಚಿಲ, ಪೆರ್ಡೂರು. ಆ ಒಂದು ಪದ ಹೊಡೆದರೆ ಒಳಗೆ! ಅನುಕೂಲವೇನೋ ಹೌದು. ಆದರೆ ಒಮ್ಮೆ ಕಾಪುವಿನ ಬಸ್ಸಿನಲ್ಲಿ ಕುಳಿತು ನನಗೆ ಫೋನ್ ಮಾಡಿ, “ಮಟ್ಟು ಪೂರ್ತಿ ಬಿದ್ದಿದೆ, ಉಚ್ಚಿಲ ಉಸಿರಾಡ್ತಾ ಉಂಟಾ ನೋಡು!” ಎಂದು ಕೂಗಿದರು. ಹಿಂದಿನ ಸೀಟಿನ ಮೀನು ಮಾರುವ ಹೆಂಗಸು ಎದ್ದು ನಿಂತು, “ಅಯ್ಯೋ ದೇವರೇ, ನನ್ನ ಮಗಳನ್ನು ಕೊಟ್ಟದ್ದು ಮಟ್ಟುವಿಗೇ!” ಎಂದು ಅಳಲಾರಂಭಿಸಿದರಂತೆ. ಕಟಪಾಡಿ ಬರುವವರೆಗೂ ಬಾಯಿ ಅವರಿಗೆ ಸರ್ವರ್ ಎಂದರೇನೆಂದು ವಿವರಿಸಬೇಕಾಯಿತು.

ಪೆರ್ಡೂರು ಮಾತ್ರ ಹಟಮಾರಿ. ಬಾಗಿಲು ತೆರೆಯಲು ಅರ್ಧ ನಿಮಿಷ! ಕಾರಣ ಹುಡುಕಿದರೆ, ಯಾರೇ ಬಂದರೂ ಅವರ ಕಂಪ್ಯೂಟರಿನ ವಿಳಾಸದ ಹಿಂದಿರುವ ಹೆಸರು ಯಾವುದೆಂದು ಅದು ಎಲ್ಲೆಲ್ಲೋ ಕೇಳುತ್ತಿತ್ತು. ಉತ್ತರ ಬಾರದೆ ಸುಮ್ಮನೆ ಕಾಯುತ್ತಿತ್ತು.

“ಹೆಣ್ಣು ಕೊಡುವವರು ವಿಚಾರಿಸಿದ ಹಾಗೆ ವಿಚಾರಿಸ್ತದಲ್ಲ ಇದು! ಕೀಲಿ ಸರಿ ಉಂಟಲ್ವಾ? ಒಳಗೆ ಬಿಡು!” ಎಂದು ಬಾಯಿ ಆ ವಿಚಾರಣೆಯನ್ನೇ ನಿಲ್ಲಿಸಿದರು. ಒಮ್ಮೆ ತೆರೆದ ಸಂಪರ್ಕವನ್ನು ಮುಚ್ಚದೆ ಉಳಿಸಿ, ಮುಂದಿನ ಲಾಗಿನ್‌ಗಳೆಲ್ಲ ಅದರಲ್ಲೇ ಹೋಗುವಂತೆಯೂ ಮಾಡಿದರು. ಆಮೇಲೆ ಪೆರ್ಡೂರು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯತೊಡಗಿತು.

ಹೀಗೆ ಉಳಿಸಿದ ಸಮಯವೆಲ್ಲ ಎಲ್ಲಿಗೆ ಹೋಯಿತು? ಊಟಕ್ಕೆ! ಅರ್ಧ ನಿಮಿಷ ಸಹಿಸದ ಈ ಹೆಂಗಸು ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಒಂದು ಗಂಟೆ ಏಳುತ್ತಿರಲಿಲ್ಲ. “ಬಾ, ಒಬ್ಬಳೇ ತಿಂದರೆ ಬಂಗುಡೆಗೂ ರುಚಿ ಇಲ್ಲ” ಎಂದು ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು. ಕಾಪುವಿನ ಮನೆಯಲ್ಲಿ ಅವರು ಒಬ್ಬರೇ. ಕಾರ್ಕಳದವನಾದ ನಾನು ಮಣಿಪಾಲದ ಬಾಡಿಗೆ ಕೋಣೆಯಲ್ಲಿ ಒಬ್ಬನೇ. ಆ ಒಂದು ಗಂಟೆ ಬಿಟ್ಟರೆ ಎಷ್ಟೋ ದಿನ ನಾನು ಬೇರೆ ಯಾರೊಂದಿಗೂ ಮಾತಾಡಿದ್ದೇ ಇಲ್ಲ.

ಕಳೆದ ತಿಂಗಳು ಬಾಯಿ ನಿವೃತ್ತರಾದರು. ಮೂರನೇ ಮಹಡಿಯಲ್ಲಿ ಈಗ ನಾನು ಮತ್ತು ಏಸಿಯ ಸದ್ದು. ಹೋದವರ ಕೀಲಿಯನ್ನು ಸರ್ವರಿನ ಪಟ್ಟಿಯಿಂದ ಅಳಿಸಬೇಕೆಂಬುದು ನಿಯಮ. ನಾಳೆ, ನಾಡಿದ್ದು ಎಂದು ಮುಂದೂಡುತ್ತಲೇ ಹೋದೆ. ಕೊನೆಗೆ ಬಾಯಿಯೇ ಫೋನ್ ಮಾಡಿ ಬೈದರು: “ಇನ್ನೂ ತೆಗೆಯಲಿಲ್ವಾ? ಎರಡು ಸೆಕೆಂಡಿನ ಕೆಲಸ!”

ಪಟ್ಟಿ ತೆರೆದೆ. ಪ್ರತಿ ಕೀಲಿಯ ಸಾಲಿನ ಕೊನೆಯಲ್ಲಿ ಅದು ಯಾರದೆಂದು ಬರೆದಿಡಲು ಜಾಗವಿರುತ್ತದೆ. ಅದರಿಂದ ಸರ್ವರಿಗೆ ಏನೂ ಆಗಬೇಕಾದ್ದಿಲ್ಲ. ಅದು ಓದುವ ಮನುಷ್ಯರಿಗಾಗಿ. ಬಾಯಿಯ ಸಾಲನ್ನು ಅಳಿಸಿದೆ. ಅದರ ಕೆಳಗೆ ನನ್ನದಿತ್ತು. ತಮ್ಮ ಜಾಗಕ್ಕೆ ಬರುವವರಿಗೆಂದು ಬಾಯಿ ಅದರ ಕೊನೆಯಲ್ಲಿ ಬರೆದಿದ್ದರು: “ಕಾರ್ಕಳದ ಹುಡುಗ. ಒಬ್ಬನೇ ಇರುವುದು. ಊಟಕ್ಕೆ ಕರೆಯಿರಿ, ತಾನಾಗಿ ಬರುವುದಿಲ್ಲ.”

ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ನಾನೇ ಬಾಯಿಗೆ ಫೋನ್ ಮಾಡಿದೆ.

“ಬಾಯಿ, ತೆಗೆದೆ.”

“ಒಳ್ಳೆಯದಾಯ್ತು” ಎಂದರು.

“ಬಾಯಿ, ಭಾನುವಾರ ನಾನು ಊಟಕ್ಕೆ ಬರಲಾ?”

“ಇದನ್ನು ಕೇಳ್ಲಿಕ್ಕೆ ನಿನಗೆ ಇಷ್ಟು ದಿನ ಬೇಕಾಯ್ತಾ ಮಾರಾಯ?”